ಲ್ಯಾಕ್ರೋಸ್ ಕೋಚ್‌ಗೆ ಅಪ್ಪ ಇಮೇಲ್ ಬರೆಯಬಾರದು

ಹೋದ ಬೇಸಿಗೆಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಒಂದು ಲ್ಯಾಕ್ರೋಸ್ (ತುದಿಗೆ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ) ಟೂರ್ನಮೆಂಟ್‌ನಲ್ಲಿ ನಮ್ಮೂರ ಕಡೆಯವರೊಬ್ಬರು ಸಿಕ್ಕರು. ಹಾಸನದವರು. ಮಗಳು ಹತ್ತನೇ ಕ್ಲಾಸು, ಒಳ್ಳೇ ಡಿಫೆಂಡರ್. "ನಲವತ್ತು ಕಾಲೇಜಿಗೆ ಇಮೇಲ್ ಹಾಕಿದೀನಿ ಸಾರ್, ಒಬ್ಬರಾದ್ರೂ ಉತ್ತರ ಕೊಡಬಾರದಾ?" ಎಂದು ಫೋನ್ ತೆಗೆದು ತೋರಿಸಿದರು. ಬರೆದದ್ದು ಅವರೇ. ನಲವತ್ತು ಕೋಚ್‌ಗಳಿಗೂ ಒಂದೇ ಪತ್ರ. ಜೊತೆಗೆ ಹನ್ನೊಂದು ನಿಮಿಷದ ವಿಡಿಯೊ, ಅದಕ್ಕೆ ಡಬಡಬ ಸಂಗೀತ.

ನಾವೆಲ್ಲ ಸಿಇಟಿ ಬರೆದು ಬಂದವರು. ರ್‍ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದೆವು, ಅಪ್ಪ ಫೈಲ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ಅಮೆರಿಕದಲ್ಲಿ ಕಾಲೇಜು ತಂಡ ಸೇರಲು ಅಂಥ ಪಟ್ಟಿ ಯಾವುದೂ ಇಲ್ಲ, ಕೋಚ್‌ಗಳೇ ನೋಡಿ ಆರಿಸುತ್ತಾರೆ. ಫೈಲ್ ಕೂಡ ಮಗುವೇ ಹಿಡಿಯಬೇಕು.

ಮೊದಲು ತಾರೀಕು ತಿಳಿದುಕೊಳ್ಳಿ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಎಂಬ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ, 1 ಎಲ್ಲಕ್ಕಿಂತ ಮೇಲಿನದು. ಡಿವಿಷನ್ 1 ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರವರೆಗೆ ಆಟಗಾರರ ಜೊತೆ ಸೇರ್ಪಡೆಯ ಮಾತು ಆಡುವಂತಿಲ್ಲ. ಒಂದು ಕಾಲದಲ್ಲಿ ಎಂಟನೇ ಕ್ಲಾಸಿನ ಮಕ್ಕಳೇ ಕಾಲೇಜಿಗೆ ಮಾತು ಕೊಟ್ಟುಬಿಡುತ್ತಿದ್ದರು. ಅದನ್ನು ತಡೆಯಲೆಂದೇ 2017ರಲ್ಲಿ ಈ ನಿಯಮ ಬಂತು. ಹಾಗಾಗಿ ಹಾಸನದವರಿಗೆ ಉತ್ತರ ಬರದಿದ್ದಕ್ಕೆ ಅರ್ಧ ಕಾರಣ ನಿಯಮ. ಆದರೆ ಕೋಚ್ ಉತ್ತರ ಕೊಡದಿದ್ದರೂ ಓದುತ್ತಾರೆ. ಡಿವಿಷನ್ 3 ಕೋಚ್‌ಗಳಿಗೆ ಈ ಕಟ್ಟು ಇಲ್ಲ, ಅವರು ಮೊದಲೇ ಬರೆಯಬಹುದು.

ಒಂಬತ್ತನೇ ಕ್ಲಾಸಿನಿಂದಲೇ ಮಾರ್ಕ್ಸ್ ನೋಡಿಕೊಳ್ಳಿ. ಡಿವಿಷನ್ 1 ಅಥವಾ 2ರಲ್ಲಿ ಆಡಲು ಎನ್‌ಸಿಎಎ ಒಪ್ಪಿದ 16 ಕೋರ್ ಕೋರ್ಸ್‌ಗಳು ಬೇಕು. ಶಾಲೆಯ ಕೌನ್ಸೆಲರ್ ಹತ್ತಿರ ಪಟ್ಟಿ ಇರುತ್ತದೆ. ಇಷ್ಟು ಸಾಕು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಇಮೇಲ್ ಮತ್ತು ವಿಡಿಯೊ.

ಇಮೇಲ್ ಮಗುವೇ ಬರೆಯಬೇಕು, ಮಗುವಿನ ಖಾತೆಯಿಂದಲೇ ಹೋಗಬೇಕು. ನೀವು ಕಾಗುಣಿತ ನೋಡಿಕೊಡಿ, ಅಷ್ಟೇ. ಎಐ ಹತ್ತಿರ ಬರೆಸಿ, ಕಾಲೇಜಿನ ಹೆಸರೊಂದನ್ನೇ ಬದಲಾಯಿಸಿ ಕಳಿಸುವ ಮಕ್ಕಳಿದ್ದಾರೆ. ಒಂದು ಕಾಲೇಜಿನ ಕೋಚ್‌ಗೆ ಇನ್ನೊಂದು ಕಾಲೇಜಿನ ಹೆಸರು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ವಿಷಯದ ಸಾಲಿನಲ್ಲಿ ಹೈಸ್ಕೂಲ್ ಮುಗಿಸುವ ವರ್ಷ, ಹೆಸರು, ಆಡುವ ಜಾಗ (ಡಿಫೆಂಡರ್, ಗೋಲಿ ಹೀಗೆ), ಕ್ಲಬ್ ಇರಲಿ. ಒಳಗೆ ಎಂಟು ಹತ್ತು ಸಾಲು ಸಾಕು: ಎತ್ತರ, ಯಾವ ಕೈ, ಜಿಪಿಎ (ಮಾರ್ಕ್ಸ್‌ನ ಸರಾಸರಿ), ವಿಡಿಯೊ ಲಿಂಕ್, ಕ್ಲಬ್ ಕೋಚ್ ಫೋನ್ ನಂಬರ್. ಜೊತೆಗೆ ಆ ಕಾಲೇಜಿಗೆ ಮಾತ್ರ ಹೊಂದುವ ಒಂದು ಮಾತು. "ನಿಮ್ಮ ಕಾಲೇಜು ತುಂಬಾ ಇಷ್ಟ" ಅಂದರೆ ಏನೂ ಹೇಳಿದಂತಲ್ಲ. "ನಿಮ್ಮ ಡಿಫೆನ್ಸ್ ಜೋನ್ ಆಡುವುದನ್ನು ನೋಡಿದೆ, ನಮ್ಮ ಕ್ಲಬ್ಬಿನಲ್ಲೂ ಹಾಗೇ ಆಡುತ್ತೇವೆ" ಅಂದರೆ ಕೋಚ್ ಲಿಂಕ್ ಒತ್ತುತ್ತಾರೆ. (ಜೋನ್ ಅಂದರೆ ಒಬ್ಬೊಬ್ಬರು ಒಂದೊಂದು ಜಾಗ ಕಾಯುವುದು.) ಅದನ್ನು ಬರೆಯಬೇಕಾದರೆ ಮಗು ಅವರ ಒಂದು ಆಟವನ್ನಾದರೂ ಕೂತು ನೋಡಿರಬೇಕು, ಅಲ್ವಾ? ಅದಕ್ಕೇ ನಲವತ್ತು ಬೇಡ, ಹದಿನೈದು ಕಾಲೇಜು ಸಾಕು ಅನ್ನುವುದು.

ಟೂರ್ನಮೆಂಟ್‌ಗೆ ಒಂದು ವಾರ ಮುಂಚೆ ಇನ್ನೊಂದು ಇಮೇಲ್ ಹೋಗಬೇಕು. ಎಷ್ಟು ಗಂಟೆಗೆ, ಎಷ್ಟನೇ ಮೈದಾನ, ಜೆರ್ಸಿ ನಂಬರ್ ಎಷ್ಟು. ಕೋಚ್‌ಗಳು ಮಡಚುವ ಕುರ್ಚಿ ಹಿಡಿದುಕೊಂಡು ಮೈದಾನದಿಂದ ಮೈದಾನಕ್ಕೆ ಓಡಾಡುತ್ತಾರೆ. ಅವರ ಕೈಲಿರುವುದು ನಂಬರ್‌ಗಳ ಪಟ್ಟಿ, ಹೆಸರಲ್ಲ. ನನ್ನ ಮಗಳು 14 ಎಂದು ಬರೆದಿದ್ದಳು. ಅವಳ ಕ್ಲಬ್ ಆ ಬೆಳಿಗ್ಗೆ ಹೊಸ ಜೆರ್ಸಿ ಹಂಚಿ 27 ಕೊಟ್ಟಿತು. ಒಬ್ಬ ಕೋಚ್ ಎರಡು ಆಟ ನಿಂತು 14ನ್ನು ನೋಡಿದರು. ಆ ಹುಡುಗಿ ಚೆನ್ನಾಗಿಯೇ ಆಡಿದಳು, ಪಾಪ. ನಂಬರ್ ಬದಲಾದರೆ ಮೈದಾನದಲ್ಲೇ ನಿಂತು ಇನ್ನೊಂದು ಇಮೇಲ್ ಕಳಿಸಿ.

ವಿಡಿಯೊ ಮೂರು ನಿಮಿಷ, ಜಾಸ್ತಿ ಅಂದರೆ ನಾಲ್ಕು. ಕೋಚ್ ಮೊದಲ ಅರ್ಧ ನಿಮಿಷ ನೋಡಿ ಮುಂದೆ ನೋಡಬೇಕೋ ಬೇಡವೋ ನಿರ್ಧರಿಸುತ್ತಾರೆ, ಆದ್ದರಿಂದ ಚೆನ್ನಾಗಿರುವುದನ್ನೇ ಮೊದಲಿಗೆ ಹಾಕಿ. ಪ್ರತಿ ತುಣುಕಿನ ಶುರುವಿನಲ್ಲಿ ಒಂದು ಕ್ಷಣ ನಿಲ್ಲಿಸಿ ನಿಮ್ಮ ಮಗು ಯಾರೆಂದು ಬಾಣ ಹಾಕಿ ತೋರಿಸಿ. ಸಂಗೀತ ಬೇಡ. ಗೋಲ್‌ಗಳನ್ನಷ್ಟೇ ಪೋಣಿಸುವುದು ದೊಡ್ಡ ತಪ್ಪು. ಹೈಸ್ಕೂಲಿನಲ್ಲಿ ದುರ್ಬಲ ತಂಡದ ಮೇಲೆ ಹೊಡೆದ ಆರು ಗೋಲ್ ಯಾರಿಗೂ ಏನನ್ನೂ ಹೇಳುವುದಿಲ್ಲ. ನೆಲಕ್ಕೆ ಬಿದ್ದ ಚೆಂಡಿಗೆ (ಗ್ರೌಂಡ್ ಬಾಲ್) ಬಗ್ಗಿದ್ದು, ಎಡಗೈಯಲ್ಲಿ ಪಾಸ್ ಕೊಟ್ಟದ್ದು, ಚೆಂಡು ಕಳೆದುಕೊಂಡ ಮೇಲೆ ವಾಪಸ್ ಓಡಿದ್ದು, ಇವನ್ನು ಹಾಕಿ. ಡಿಫೆಂಡರ್ ಆದರೆ ಕಾಲಿನ ಚಲನೆ ಕಾಣಬೇಕು. ಕೋಲು ಬೀಸಿ ಚೆಂಡು ಕಿತ್ತುಕೊಂಡದ್ದೊಂದೇ ಸಾಲದು. ಪೂರ್ತಿ ಆಟದ ಲಿಂಕ್ ಒಂದನ್ನು ಕೆಳಗೆ ಕೊಡಿ. ಮನಸ್ಸಾದ ಕೋಚ್ ಅದನ್ನೇ ಕೇಳುವುದು.

ಇದನ್ನೆಲ್ಲ ಮಾಡಿಕೊಡುತ್ತೇವೆಂದು ಸಾವಿರಾರು ಡಾಲರ್ ಕೇಳುವ ಕಂಪನಿಗಳಿವೆ. ಸುಮ್ನೆ ದಂಡ. ಅವರ ಕಂಪ್ಯೂಟರ್‌ನಿಂದ ಬಂದ ಇಮೇಲ್ ಯಾವುದು ಅಂತ ಕೋಚ್‌ಗಳಿಗೆ ಗೊತ್ತಾಗುತ್ತದೆ. ಆ ದುಡ್ಡಿಗೆ ಟ್ರೈಪಾಡ್ ಕೊಳ್ಳಿ, ಉಳಿದದ್ದು ಪೆಟ್ರೋಲ್‌ಗೆ ಇಟ್ಟುಕೊಳ್ಳಿ.

ಕಾಲೇಜು ಕೋಚ್‌ಗಳು ದುಡ್ಡು ತೆಗೆದುಕೊಂಡು ನಡೆಸುವ ತರಬೇತಿ ಕ್ಯಾಂಪ್‌ಗೆ ಬಾ ಎಂಬ ಪತ್ರ ಬಂದರೆ ಕುಣಿದಾಡಬೇಡಿ. ಕ್ಯಾಂಪ್ ಜಾಹೀರಾತನ್ನು ಕೋಚ್‌ಗಳು ಯಾವಾಗ ಬೇಕಾದರೂ, ಎಷ್ಟು ಜನಕ್ಕೆ ಬೇಕಾದರೂ ಕಳಿಸಬಹುದು. ಅದು ಮದುವೆ ಮಾತುಕತೆಯಲ್ಲ, ಅಂಗಡಿಯ ಕರಪತ್ರ. ನಿಜವಾಗಿ ಸೇರಬೇಕೆನಿಸಿದ ಎರಡು ಮೂರು ಕಾಲೇಜಿನ ಕ್ಯಾಂಪ್‌ಗೆ ಮಾತ್ರ ಹೋಗಿ.

ಆಗಸ್ಟ್ 31ರ ರಾತ್ರಿ ಹನ್ನೆರಡು ಹೊಡೆದು ಸೆಪ್ಟೆಂಬರ್ 1 ಆಗುತ್ತಿದ್ದಂತೆ ಕೆಲವು ಮಕ್ಕಳ ಫೋನ್ ಕುಣಿಯುತ್ತದೆ. ಹೆಚ್ಚಿನವರದು ಸುಮ್ಮನಿರುತ್ತದೆ. ಮಗುವನ್ನು ಮಲಗಲು ಕಳಿಸಿ. ಗಂಡುಮಕ್ಕಳ ಡಿವಿಷನ್ 1 ತಂಡಗಳು ಎಪ್ಪತ್ತು ಚಿಲ್ಲರೆ. ಡಿವಿಷನ್ 3ರಲ್ಲಿ ಇನ್ನೂರಕ್ಕೂ ಹೆಚ್ಚು, ಮತ್ತು ಅವರ ಕೆಲಸ ಜೋರಾಗುವುದೇ ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ. ಓದಿಗೆ ಹೆಸರಾದ ಕಾಲೇಜುಗಳು ಆಗ ಮಾರ್ಕ್ಸ್ ಕಾರ್ಡ್ ತರಿಸಿಕೊಂಡು ಅಡ್ಮಿಷನ್ ಆಫೀಸಿಗೆ ಮೊದಲೇ ತೋರಿಸುತ್ತವೆ. ಇದಕ್ಕೆ ಪ್ರೀ-ರೀಡ್ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಇದೇ ಒಳ್ಳೆಯ ದಾರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೋಚ್ ಫೋನ್ ಮಾಡಿದರೆ ಮಗು ಮಾತಾಡಲಿ, ನೀವು ಬೇರೆ ಕೋಣೆಗೆ ಹೋಗಿ. "ನಿನ್ನ ಆಟ ನಮಗೆ ತುಂಬಾ ಹಿಡಿಸಿದೆ" ಎನ್ನುವುದು ಆಫರ್ ಅಲ್ಲ. ಮಗು ಕೇಳಬೇಕಾದ ಪ್ರಶ್ನೆಗಳಿವೆ. ನನ್ನ ವರ್ಷಕ್ಕೆ, ನನ್ನ ಜಾಗಕ್ಕೆ ಎಷ್ಟು ಜನ ಬೇಕು? ನಿಮ್ಮ ಪಟ್ಟಿಯಲ್ಲಿ ನಾನು ಎಷ್ಟನೆಯವಳು? ಯಾವಾಗ ಉತ್ತರ ಹೇಳಬೇಕು?

ಹಣದ ಮಾತಿಗೆ ಮಾತ್ರ ನೀವು ಬನ್ನಿ. ಪೂರ್ತಿ ಸ್ಕಾಲರ್‌ಶಿಪ್ ಸಿಗುತ್ತದೆ ಎಂಬ ಆಸೆ ಬಿಡಿ. ಡಿವಿಷನ್ 1ರಲ್ಲಿ ಬಹಳ ಕಾಲ ಹೆಣ್ಣುಮಕ್ಕಳ ತಂಡಕ್ಕೆ 12, ಗಂಡುಮಕ್ಕಳ ತಂಡಕ್ಕೆ 12.6 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಮಿತಿ ಇತ್ತು. ಅದನ್ನೇ ಮೂವತ್ತು ನಲವತ್ತು ಜನಕ್ಕೆ ಚೂರು ಚೂರು ಹಂಚುತ್ತಿದ್ದರು. ಆಟಗಾರರಿಗೆ ಹಣ ಕೊಡುವ ಕುರಿತ 2025ರ ಕೋರ್ಟ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ಮಿತಿ ಇರುವುದು ತಂಡದ ಗಾತ್ರಕ್ಕೆ: ಹೆಣ್ಣುಮಕ್ಕಳಿಗೆ 38, ಗಂಡುಮಕ್ಕಳಿಗೆ 48. ಅಷ್ಟೂ ಜನಕ್ಕೆ ದುಡ್ಡು ಇದೆ ಅಂತ ಅರ್ಥವಲ್ಲ. ಐವಿ ಲೀಗ್ (ಹಾರ್ವರ್ಡ್, ಯೇಲ್‌ನಂಥ ಎಂಟು ಕಾಲೇಜುಗಳ ಗುಂಪು) ಮತ್ತು ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ಪೇ ಇಲ್ಲ. ಮನೆಯ ಆದಾಯ ನೋಡಿ ಕಾಲೇಜೇ ಕೊಡುವ ನೆರವು ಬೇರೆ. ಎಚ್-4 ವೀಸಾದಲ್ಲಿರುವ (ಎಚ್-1ಬಿಯಲ್ಲಿ ಕೆಲಸ ಮಾಡುವವರ) ಮಕ್ಕಳಿಗೆ ಫೆಡರಲ್ ಸರ್ಕಾರದ ನೆರವು ಸಿಗುವುದಿಲ್ಲ, ಅದನ್ನು ಲೆಕ್ಕದಿಂದ ತೆಗೆದುಬಿಡಿ. ಶೇಕಡಾ ಇಷ್ಟು ಎಂದರೆ ಒಪ್ಪಬೇಡಿ. ವರ್ಷಕ್ಕೆ ಎಷ್ಟು ಡಾಲರ್, ಎಷ್ಟು ವರ್ಷ ಎಂದು ಬರಹದಲ್ಲಿ ಕೇಳಿ. ಬಾಯಿಮಾತಿನ ಒಪ್ಪಂದ ಇಬ್ಬರನ್ನೂ ಕಟ್ಟಿಹಾಕುವುದಿಲ್ಲ.

ಒಂದು ಕಾಲೇಜಿಗೆ ಒಪ್ಪಿದ ಮೇಲೆ, ಮಾತಾಡಿಸಿದ್ದ ಬೇರೆ ಕೋಚ್‌ಗಳಿಗೆಲ್ಲ ಮಗು ಅದೇ ದಿನ ಫೋನ್ ಮಾಡಿ ಹೇಳಬೇಕು, ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುವ ಮುಂಚೆ. ನನ್ನ ಮಗಳು ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಐದು ಫೋನ್ ಮಾಡಿದಳು. ಒಳಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು.