ಪಿಕಪ್ ಟ್ರಕ್ ಇಲ್ಲದೆ ಟ್ರೇಲರ್ ಎಳೆದ ನನ್ನ ಅನುಭವ

ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿರುವ ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ದರು: ಪಿಕಪ್ ಟ್ರಕ್ ಇಲ್ಲದೆ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ಕೊಳ್ಳಬೇಡಿ. ನಾನು ಕೊಂಡೆ. 16 ಅಡಿಯ ಆ ಪುಟ್ಟ ಮನೆಯನ್ನು ನಮ್ಮ ಹಳೆಯ ಎಸ್‌ಯುವಿಗೇ ಕಟ್ಟಿಕೊಂಡು ಎರಡು ತಿಂಗಳಲ್ಲಿ ನಾಲ್ಕು ಬಾರಿ ಬೆಟ್ಟ ಹತ್ತಿ ಇಳಿದಿದ್ದೇನೆ. ಆದರೆ ಮೊದಲ ಪ್ರಯಾಣ ಚೆನ್ನಾಗಿ ಆಗಲಿಲ್ಲವೆಂಬುದನ್ನು ಮೊದಲೇ ಹೇಳಬೇಕು.

ಟ್ರೇಲರ್‌ಗೆ ಸುಮಾರು 19,000 ಡಾಲರ್ ಆಯಿತು. ಕಾರಿನೊಳಗಿಂದ ಟ್ರೇಲರಿನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರ್, ಟ್ರೇಲರಿನ ದೀಪ-ಬ್ರೇಕ್‌ಗಳಿಗೆ ವಿದ್ಯುತ್ ಒಯ್ಯುವ ಏಳು ಪಿನ್ನಿನ ವೈರಿಂಗ್, ಭಾರ ಹಂಚುವ ಹಿಚ್ (ಕಾರಿಗೆ ಟ್ರೇಲರನ್ನು ಕಟ್ಟುವ ಕೊಂಡಿ) ಇವಕ್ಕೆಲ್ಲ ಇನ್ನೂ 1,100 ಡಾಲರ್ ಹಿಡಿಯಿತು. ವಶಕ್ಕೆ ಪಡೆಯುವ ದಿನ ಮೂರು ಗಂಟೆ ಅಲ್ಲೇ ನಿಂತು ನಲ್ಲಿ, ಗ್ಯಾಸ್, ದೀಪ, ಎಲ್ಲವನ್ನೂ ನಡೆಸಿ ನೋಡಿದೆ. ಪಂಪಿನ ಜೋಡಣೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಒಂದು ಚಕ್ರದ ಬ್ರೇಕ್ ವೈರ್ ಸಡಿಲವಾಗಿತ್ತು. ಬ್ರೇಕ್ ಸರಿಯಾಗುವವರೆಗೆ ನಾನು ಸಹಿ ಹಾಕಲಿಲ್ಲ. ಪಂಪಿನ ಕೆಲಸಕ್ಕೆ ಮಾರಾಟಗಾರರು ಮೂರು ವಾರ ಬೇಕೆಂದಾಗ ಮನೆಗೆ ತಂದು ಆರು ಡಾಲರಿನ ವಾಷರ್ ಹಾಕಿ ನಾನೇ ಮುಗಿಸಿದೆ.

ಮೊದಲ ಪ್ರಯಾಣದಲ್ಲಿ, ಇಂಟರ್‌ಸ್ಟೇಟ್ 40ರಲ್ಲಿ ಸ್ಟೇಟ್ಸ್‌ವಿಲ್ ದಾಟಿದ ಮೇಲೆ ಗಂಟೆಗೆ 65 ಮೈಲಿ ವೇಗದಲ್ಲಿದ್ದಾಗ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡತೊಡಗಿ ಎಸ್‌ಯುವಿಯ ಹಿಂಭಾಗವನ್ನೂ ಜತೆಗೆ ಎಳೆಯಿತು. ಕಾರಿನ ಬ್ರೇಕ್ ಒತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಕಂಟ್ರೋಲರಿನ ಲಿವರನ್ನು ಕೈಯಿಂದಲೇ ಮೆಲ್ಲಗೆ ಸರಿಸಿ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಸಿದೆ. ಅದು ಸಾಲಿಗೆ ಬಂತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಆಮೇಲೆ ಎಷ್ಟೋ ಹೊತ್ತು ನನ್ನ ಅಂಗೈ ಬೆವರುತ್ತಲೇ ಇತ್ತು.

ಮುಂದಿನ ಟ್ರಕ್ ಸ್ಟಾಪಿನಲ್ಲೇ ಲಾರಿ ತೂಗುವ ಕಾಟಾದ ಮೇಲೆ ಹತ್ತಿಸಿದೆ. ಟ್ರೇಲರ್ ಸಮೇತ ಒಮ್ಮೆ, ಬಿಚ್ಚಿಟ್ಟು ಎಸ್‌ಯುವಿ ಒಂದನ್ನೇ ಇನ್ನೊಮ್ಮೆ. ಎರಡಕ್ಕೂ ಸೇರಿ ಇಪ್ಪತ್ತು ಡಾಲರ್ ಆಗಿರಬೇಕು. ಟ್ರೇಲರಿನ ಒಟ್ಟು ತೂಕ ಸುಮಾರು 3,300 ಪೌಂಡ್ ಇತ್ತು. ಹಿಚ್ ಮೇಲೆ ಬೀಳುತ್ತಿದ್ದ ಭಾರ ಮಾತ್ರ 230 ಪೌಂಡ್, ಅಂದರೆ ಶೇಕಡಾ 7. ಅದು ಶೇಕಡಾ 10ರಿಂದ 15ರೊಳಗೆ ಇರಲೇಬೇಕು, ಕಡಿಮೆಯಾದರೆ ಟ್ರೇಲರ್ ಹೀಗೆ ತೂಗಾಡುತ್ತದೆ. ಕಾರಣ ಸ್ಪಷ್ಟವಾಗಿತ್ತು. ನಮ್ಮ ಟ್ರೇಲರಿನ ನೀರಿನ ಟ್ಯಾಂಕ್ ಚಕ್ರಗಳ ಹಿಂದಿದೆ; ತುಂಬಿದ 25 ಗ್ಯಾಲನ್ ಎಂದರೆ 200 ಪೌಂಡಿಗೂ ಮೇಲೆ. ಅದರ ಜತೆಗೆ ಗ್ರೈಂಡರ್, ಅಕ್ಕಿ ಮೂಟೆ, ಎರಡು ಸೈಕಲ್, ಎಲ್ಲವನ್ನೂ ಹಿಂದಕ್ಕೇ ಹೇರಿದ್ದೆ.

ಈಗ ಟ್ಯಾಂಕನ್ನು ಬಿಡಾರದ ಜಾಗ ತಲುಪಿದ ಮೇಲೆಯೇ ತುಂಬುತ್ತೇನೆ, ಸೈಕಲ್‌ಗಳು ಕಾರಿನ ಮೇಲೆ ಬರುತ್ತವೆ. ಹಿಚ್ ಮೇಲಿನ ಭಾರ 410 ಪೌಂಡಿಗೆ ಬಂದು ನಿಂತಿದೆ. ಒಳಗೆ ಸಾಮಾನು ಜೋಡಿಸುವ ಕ್ರಮವೊಂದನ್ನು ಐದಾರು ಬಾರಿ ತೂಗಿ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಪ್ರತಿ ಟ್ರೇಲರಿಗೂ ಅದು ಬೇರೆಯೇ. ಎಳೆಯುವ ಸಾಮರ್ಥ್ಯ 5,000 ಪೌಂಡ್ ಎಂಬ ಸಂಖ್ಯೆಯನ್ನು ಮಾತ್ರ ನಂಬಿ ಹೊರಡಬೇಡಿ. ಚಾಲಕನ ಬಾಗಿಲಿನ ಸ್ಟಿಕ್ಕರಿನಲ್ಲಿ ಕಾರು ಹೊರಬಲ್ಲ ಭಾರ ಬರೆದಿರುತ್ತದೆ. ನಮ್ಮದರಲ್ಲಿ 1,300 ಪೌಂಡ್. ನಾವು ನಾಲ್ವರು, ಸೈಕಲ್, ಹಿಚ್, ಆ 410 ಪೌಂಡ್, ಎಲ್ಲವೂ ಅದರೊಳಗೇ ಬರಬೇಕು.

ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿರುವ ಕೇಡ್ಸ್ ಕೋವ್ ಬಿಡಾರದ ಜಾಗದಲ್ಲಿ ವಿದ್ಯುತ್ ಸಂಪರ್ಕವಿಲ್ಲದ ಕಾರಣ ಅಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿಯಿಂದ ಮಿಕ್ಸಿ ಓಡಿಸಿದೆ. ಅಗ್ಗದ ಇನ್ವರ್ಟರ್‌ಗೆ ಕಟ್ಟಿದಾಗ ಮಿಕ್ಸಿ ಗುಂಯ್‌ಗುಟ್ಟಿ ಬಿಸಿಯಾಯಿತು. ಮನೆಯ ವಿದ್ಯುತ್ತಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ಇನ್ವರ್ಟರ್ ತಂದ ಮೇಲೆ ಕಾಯಿ ಚಟ್ನಿ ಒಂದೂವರೆ ನಿಮಿಷಕ್ಕೆ ಆಯಿತು, ಬ್ಯಾಟರಿಯಲ್ಲಿ ಎರಡು ಆಂಪಿಯರ್-ಅವರ್ ಕೂಡ ಇಳಿಯಲಿಲ್ಲ. ರಾತ್ರಿಯಿಡೀ ಫರ್ನೇಸಿನ (ಒಳಗೆ ಬೆಚ್ಚಗಿಡುವ ಹೀಟರಿನ) ಫ್ಯಾನ್ ತಿರುಗಿದಾಗ ಮಾತ್ರ 30 ಆಂಪಿಯರ್-ಅವರಿನಷ್ಟು ಹೋಯಿತು. ಇಡ್ಲಿ ಬೇಯಿಸುವಾಗ ಚಾವಣಿಯ ಫ್ಯಾನ್ ಹಾಕಿ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಿ, ಇಲ್ಲವಾದರೆ ಹಬೆ ಗಾಜಿನ ಮೇಲೆ ನೀರಾಗಿ ಹಾಸಿಗೆಯ ಅಂಚನ್ನು ತೋಯಿಸುತ್ತದೆ.

ಎಲ್ಲರಿಗಿಂತ ಹೆಚ್ಚು ಅನುಮಾನಿಸಿದ್ದ ಗೆಳೆಯರು ಕಳೆದ ವಾರ ತೂಕದ ಚೀಟಿಯ ಫೋಟೊ ಕೇಳಿ ಪಡೆದರು. ಅವರ ಕಾರಿನ ಸ್ಟಿಕ್ಕರಿನಲ್ಲಿ 1,000 ಪೌಂಡ್ ಎಂದಿದೆ. ಅದು ನಮ್ಮದಕ್ಕಿಂತ ಕಡಿಮೆಯಾದ್ದರಿಂದ 13 ಅಡಿಯ ಟ್ರೇಲರನ್ನು ನೋಡಿ ಎಂದು ಅವರಿಗೆ ಹೇಳಿದ್ದೇನೆ.