ಸರ್ಟಿಫಿಕೇಟ್ ಹೊಸದು, ಬ್ರೌಸರ್‌ಗೆ ಕಾಣೋದು ಹಳೆಯದೇ!

ಸ್ವಂತ ಸರ್ವರ್‌ನಲ್ಲಿ ವೆಬ್‌ಸೈಟ್ ಇಟ್ಟುಕೊಂಡವರ ಗೋಳು ಇದು. ಸೈಟಿನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನು ತಾನಾಗಿ ನವೀಕರಿಸುವ ಪ್ರೋಗ್ರಾಂ ಸರ್ಟ್‌ಬಾಟ್ ರಿನ್ಯೂ ಆಯ್ತು ಅನ್ನುತ್ತದೆ, ಬ್ರೌಸರ್ ಅವಧಿ ಮುಗಿದಿದೆ ಅನ್ನುತ್ತದೆ. ಗಾಬರಿಯಲ್ಲಿ ಮತ್ತೆ ಮತ್ತೆ ರಿನ್ಯೂ ಒತ್ತಬೇಡಿ. ಅದೇ ಡೊಮೈನ್ ಹೆಸರುಗಳಿಗೆ ವಾರಕ್ಕೆ 5 ಸರ್ಟಿಫಿಕೇಟ್ ಆದ ಮೇಲೆ, ಅವನ್ನು ಉಚಿತವಾಗಿ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್ ಬಾಗಿಲು ಹಾಕಿಬಿಡುತ್ತದೆ.

ಮೊದಲು ‘ಸರ್ಟ್‌ಬಾಟ್ ಸರ್ಟಿಫಿಕೇಟ್ಸ್’ ಕಮಾಂಡ್ ಕೊಟ್ಟು ತಾರೀಕು ನೋಡಿ. ಹಳೆಯದೇ ಇದ್ದರೆ ರಿನ್ಯೂ ಆಗೇ ಇಲ್ಲ. ಫೈರ್‌ವಾಲ್‌ನಲ್ಲಿ ಪೋರ್ಟ್ 80 ತೆರೆದಿದೆಯಾ ನೋಡಿ, ಸೈಟು ನಿಮ್ಮದೇ ಅಂತ ಸಾಮಾನ್ಯವಾಗಿ ಪರೀಕ್ಷಿಸುವುದು ಆ ದಾರಿಯಲ್ಲೇ.

ತಾರೀಕು ಹೊಸದಾ? ಹಾಗಾದರೆ ಸರ್ವರ್ ಏನು ಕೊಡುತ್ತಿದೆ ಅಂತ ಅದನ್ನೇ ಕೇಳಿ. ಓಪನ್‌ಎಸ್‌ಎಸ್‌ಎಲ್ ಟೂಲ್‌ನ ‘ಎಸ್ ಕ್ಲೈಂಟ್’ ಕಮಾಂಡ್‌ನಿಂದ ಎಚ್‌ಟಿಟಿಪಿಎಸ್‌ನ ಪೋರ್ಟ್ 443ಕ್ಕೆ ಕನೆಕ್ಟ್ ಆಗಿ, ಬಂದದ್ದನ್ನು ಅದರದೇ ‘ಎಕ್ಸ್ 509’ ಕಮಾಂಡ್‌ಗೆ ‘ಡೇಟ್ಸ್’ ಆಯ್ಕೆ ಹಾಕಿ ಪೈಪ್ ಮಾಡಿ. ‘ನಾಟ್ ಆಫ್ಟರ್’ ಸಾಲಿನಲ್ಲಿ ಉತ್ತರ ಇರುತ್ತದೆ. ಲೋಕಲ್‌ಹೋಸ್ಟ್‌ಗೆ, ಅಂದರೆ ಕೂತ ಮೆಷಿನ್‌ಗೇ, ಕನೆಕ್ಟ್ ಆಗುವಾಗ ‘ಸರ್ವರ್‌ನೇಮ್’ ಆಯ್ಕೆಯಲ್ಲಿ ಸೈಟಿನ ಹೆಸರು ಕೊಡಲೇಬೇಕು. ಇಲ್ಲದಿದ್ದರೆ ಅದೇ ಮೆಷಿನ್‌ನ ಇನ್ಯಾವುದೋ ಸೈಟಿನ ಸರ್ಟಿಫಿಕೇಟ್ ನೋಡಿ ತಲೆ ಕೆಡಿಸಿಕೊಳ್ಳುತ್ತೀರಿ.

ಅಲ್ಲಿ ಹಳೆ ತಾರೀಕು ಬಂತಾ? ಸೈಟನ್ನು ಬಡಿಸುವ ವೆಬ್ ಸರ್ವರ್ ಪ್ರೋಗ್ರಾಂ ಎಂಜಿನ್‌ಎಕ್ಸ್ ಸರ್ಟಿಫಿಕೇಟನ್ನು ಶುರುವಾಗುವಾಗ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಫೈಲ್ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಎಂಜಿನ್‌ಎಕ್ಸ್ ಕಮಾಂಡ್‌ಗೆ ‘ಮೈನಸ್ ಟಿ’ ಹಾಕಿ ಕಾನ್ಫಿಗ್ ಪರೀಕ್ಷಿಸಿ, ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಡ, ನಡೆಯುತ್ತಿರುವ ಕನೆಕ್ಷನ್‌ಗಳು ಸುಮ್ನೆ ಕಡಿದುಹೋಗುತ್ತವೆ.

ಆಗಲೂ ಬದಲಾಗದಿದ್ದರೆ ದಾರಿ ತಪ್ಪಿರುವುದು ಪಾತ್‌ನಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. ‘ಮೈನಸ್ ದೊಡ್ಡ ಟಿ’ ಕೊಟ್ಟರೆ ಪೂರ್ತಿ ಕಾನ್ಫಿಗ್ ಪ್ರಿಂಟ್ ಆಗುತ್ತದೆ, ಅದರಲ್ಲಿ ‘ಎಸ್‌ಎಸ್‌ಎಲ್ ಸರ್ಟಿಫಿಕೇಟ್’ ಸಾಲು ಹುಡುಕಿ. ಸರ್ಟ್‌ಬಾಟ್‌ನ ‘ಲೈವ್’ ಫೋಲ್ಡರ್‌ನಲ್ಲಿ ಇರುವುದು ಲಿಂಕ್‌ಗಳು ಮಾತ್ರ. ರಿನ್ಯೂ ಆದಾಗ ‘ಆರ್ಕೈವ್’ನ ಹೊಸ ಫೈಲಿನತ್ತ ತಿರುಗುತ್ತವೆ. ಯಾರೋ ಎಂದೋ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟಿದ್ದರೆ ಆ ಕಾಪಿ ಹಳೆಯದಾಗಿಯೇ ಉಳಿಯುತ್ತದೆ. ಇನ್ನೊಂದು ಕಾಟ, ಹೆಸರಿನ ಕೊನೆಗೆ ‘0001’ ಅಂತ ಸೇರಿದ ಇನ್ನೊಂದು ಫೋಲ್ಡರ್. ರಿನ್ಯೂ ಆಗುವುದು ಅದು, ಕಾನ್ಫಿಗ್ ಓದುವುದು ಹಳೆಯದನ್ನು.

ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಸರಿ, ಕಮಾಂಡ್ ಲೈನ್‌ನಿಂದ ಪುಟ ತರಿಸುವ ಕರ್ಲ್‌ನಲ್ಲಿ ಎರರ್ ಅಂದರೆ ‘ಫುಲ್‌ಚೈನ್’ ಬದಲು ‘ಸರ್ಟ್’ ಫೈಲ್ ಕೊಟ್ಟಿದ್ದೀರಾ ನೋಡಿ. ‘ಸರ್ಟ್’ನಲ್ಲಿ ನಿಮ್ಮ ಸೈಟನ್ನು ಮೂಲ ಸಂಸ್ಥೆಗೆ ಜೋಡಿಸುವ ನಡುವಿನ ಸರ್ಟಿಫಿಕೇಟ್ ಇರುವುದಿಲ್ಲ. ಅದಿಲ್ಲದಿದ್ದರೂ ಬ್ರೌಸರ್ ಹೊಂದಿಸಿಕೊಳ್ಳಬಹುದು, ಕರ್ಲ್ ಹಾಗಲ್ಲ. ಪರೀಕ್ಷಿಸಿ ಕೊಡುತ್ತೇವೆ ಅಂತ ಪ್ರೈವೇಟ್ ಕೀ ಪೇಸ್ಟ್ ಮಾಡಿಸಿಕೊಳ್ಳುವ ಆನ್‌ಲೈನ್ ಟೂಲ್‌ಗಳ ಹತ್ತಿರವೂ ಸುಳಿಯಬೇಡಿ.

ವಾರಕ್ಕೊಮ್ಮೆ ತಾನಾಗಿ ರೀಲೋಡ್ ಮಾಡುವ ಕ್ರಾನ್ (ಸಮಯಕ್ಕೆ ಸರಿಯಾಗಿ ಓಡುವ ಕೆಲಸ) ಹಾಕುವವರಿದ್ದಾರೆ. ಕೆಲಸ ನಡೆಯುತ್ತದೆ, ನನಗೆ ಇಷ್ಟವಿಲ್ಲ. ಸರ್ಟ್‌ಬಾಟ್‌ನ ‘ರಿನ್ಯೂವಲ್ ಹುಕ್ಸ್’ ಒಳಗಿನ ‘ಡಿಪ್ಲಾಯ್’ ಫೋಲ್ಡರ್‌ನಲ್ಲಿ ರೀಲೋಡ್ ಸ್ಕ್ರಿಪ್ಟ್ ಇಡಿ, ಎಕ್ಸಿಕ್ಯೂಟ್ ಪರ್ಮಿಷನ್ ಕೊಡಿ, ರಿನ್ಯೂ ಆದಾಗಲೆಲ್ಲ ಅದು ತಾನಾಗಿ ಓಡುತ್ತದೆ. ಅವಧಿ ಮುಗಿಯುವ ಎಚ್ಚರಿಕೆ ಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲೇ ನಿಲ್ಲಿಸಿದೆ, ಅದನ್ನು ನಂಬಿ ಕೂರುವಂತಿಲ್ಲ. ಸರ್ಟ್‌ಬಾಟ್‌ನ ಡ್ರೈ ರನ್ (ರಿನ್ಯೂ ತಾಲೀಮು) ಪಾಸಾಯ್ತು ಅಂತಲೂ ಬೀಗಬೇಡಿ. ಬೇರೆಯಾಗಿ ಹೇಳದಿದ್ದರೆ ಅದು ಡಿಪ್ಲಾಯ್ ಹುಕ್, ಅಂದರೆ ಆ ಫೋಲ್ಡರ್‌ನ ಸ್ಕ್ರಿಪ್ಟ್, ಓಡಿಸುವುದಿಲ್ಲ. ಸ್ಕ್ರಿಪ್ಟನ್ನು ಒಮ್ಮೆ ಕೈಯಾರೆ ಓಡಿಸಿ ನೋಡಿ.