ಬಿಸಿಲಲ್ಲಿ ಕಡಿಯುತ್ತಿದ್ದ ಯುವಿ ಲಿಂಕ್ ಸರಿಯಾದದ್ದು ಹೀಗೆ

ಕಲಬುರಗಿಯಲ್ಲಿ ನಮ್ಮ ಮಾಳಿಗೆಯಿಂದ ಓಣಿಯಾಚೆಯ ಮಾಳಿಗೆಗೆ ಯುವಿ (ಅತಿನೇರಳೆ) ಬೆಳಕಲ್ಲಿ ಡೇಟಾ ಕಳಿಸುವ ಲಿಂಕ್ ಕಟ್ಟಿದ್ದೆ. ರಾತ್ರಿ ಚೆನ್ನಾಗಿ ಓಡುತ್ತಿತ್ತು. ಬಿಸಿಲು ಏರಿದರೆ ಬರೀ ತಪ್ಪು ಅಕ್ಷರ.

ಎಲ್‌ಇಡಿಗೆ ಕರೆಂಟ್ ಜಾಸ್ತಿ ಕೊಟ್ಟೆ, ರಿಸೀವರ್‌ಗೆ ಕಪ್ಪು ಕೊಳವೆ ಹಾಕಿದೆ, ಡೇಟಾ ಕಳಿಸುವ ವೇಗ 9600ರಿಂದ 1200 ಬಾಡ್‌ಗೆ (ಸೆಕೆಂಡಿಗೆ ಇಷ್ಟು ಸಂಕೇತ ಎಂಬ ಅಳತೆ) ಇಳಿಸಿದೆ. ಉಪಯೋಗ ಆಗಲಿಲ್ಲ. ನನ್ನ ಎಲ್‌ಇಡಿಯದ್ದು 365 ನ್ಯಾನೋಮೀಟರ್ ತರಂಗಾಂತರದ ಬೆಳಕು, ಅದು ಬಿಸಿಲಲ್ಲೇ ಬೇಕಾದಷ್ಟಿದೆ ಅಲ್ವಾ? 280ಕ್ಕಿಂತ ಕೆಳಗಿನದನ್ನಾದರೆ ವಾತಾವರಣದ ಓಝೋನ್ ಮೇಲೆಯೇ ಪೂರ್ತಿ ತಡೆಯುತ್ತದೆ.

ಹಾಗಾಗಿ ಮೊದಲು 265 ನ್ಯಾನೋಮೀಟರ್ ಎಲ್‌ಇಡಿ ಹಾಕಿ. ಆಮೇಲೆ ರಿಸೀವರ್‌ಗೆ ಸಿಲಿಕಾನ್ ಕಾರ್ಬೈಡ್ ಫೋಟೋಡಯೋಡ್ (ಬೆಳಕನ್ನು ಕರೆಂಟ್ ಆಗಿಸುವ ಬಿಡಿಭಾಗ), ಅದರ ಮುಂದೆ 280ಕ್ಕಿಂತ ಮೇಲಿನದನ್ನು ತಡೆಯುವ ಫಿಲ್ಟರ್. ಫಿಲ್ಟರ್ ಅಂಚಿಗೆ ಸುತ್ತಲೂ ಕಪ್ಪು ಸಿಲಿಕೋನ್ ಬಳಿಯಿರಿ, ಕೂದಲೆಳೆಯಷ್ಟು ಸಂದಿಯಿದ್ದರೂ ಬಿಸಿಲು ನುಗ್ಗುತ್ತದೆ. ಕೊನೆಗೆ ಎರಡೂ ಕಡೆ ಮಾಮೂಲಿ ಗಾಜಿನ ಲೆನ್ಸ್ ತೆಗೆದು ಕ್ವಾರ್ಟ್ಜ್ ಲೆನ್ಸ್ ಕೂರಿಸಿ. ಮಾಮೂಲಿ ಗಾಜು ಈ ಬೆಳಕನ್ನು ನುಂಗಿಬಿಡುತ್ತದೆ. ಈಗ ಮಟಮಟ ಮಧ್ಯಾಹ್ನವೂ 2400 ಬಾಡ್‌ನಲ್ಲಿ ಅಕ್ಷರ ತಪ್ಪದೆ ಬರುತ್ತಿದೆ. ಎಲ್‌ಇಡಿ ಉರಿಯುವಾಗ ಬರಿಗಣ್ಣಲ್ಲಿ ನೋಡಬೇಡಿ, ಕಣ್ಣು, ಚರ್ಮ ಎರಡೂ ಸುಡುತ್ತವೆ.